ಅಳೆಯುವ ಕೊಳಗ ಯಾರ ಕೈಯಲ್ಲಿದೆ?

ಗೌಡರ ಕಣದಲ್ಲಿ ಎರಡು ಕೊಳಗ ಇರ್ತಿದ್ದವು ಅನ್ನೋದು ಜೀತದ ಮನೆಗಳಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತಿರುವ ಮಾತು. ಕೊಡುವಾಗ ಸಣ್ಣ ಕೊಳಗ, ವಸೂಲಿ ಮಾಡುವಾಗ ದೊಡ್ಡ ಕೊಳಗ. ರಾಗಿ ಅದೇ, ಎಣಿಕೆಯೂ ಅದೇ. ಲಾಭ, ಎರಡು, ಮೂರು ಅಂತ ಗಟ್ಟಿಯಾಗಿ ಎಣಿಸುತ್ತಿದ್ದ ಆಳಿನ ದನಿಯಲ್ಲಿ ಯಾವ ಸುಳ್ಳೂ ಇರಲಿಲ್ಲ. ಸುಳ್ಳು ಇದ್ದದ್ದು ಕೊಳಗದ ಹೊಟ್ಟೆಯಲ್ಲಿ.

ಮನುಷ್ಯರ ಬುದ್ಧಿಯನ್ನು ಅಳೆಯುತ್ತೇವೆ ಅಂತ ಹೊರಟ ಮನಶ್ಶಾಸ್ತ್ರದ ಕಥೆಯನ್ನು ಈ ಕೊಳಗದ ಕಣ್ಣಿನಿಂದ ನೋಡಬೇಕಾಗಿದೆ. ಈ ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಅನ್ನುವ ಭಾಗ ಒಂದು ಇದ್ದೇ ಇರುತ್ತದೆ. ಸರಾಸರಿ, ವಿಚಲನೆ, ಸಹಸಂಬಂಧ, ಮಾದರಿ. ನಮ್ಮ ಹುಡುಗ ಹುಡುಗಿಯರು ಸೂತ್ರ ಉರು ಹೊಡೆದು ಪಾಸಾಗ್ತಾರೆ. ಈ ಸೂತ್ರಗಳು ಯಾವ ಕೆಲಸಕ್ಕಾಗಿ ಹುಟ್ಟಿದವು, ಯಾರ ನೆತ್ತಿಯ ಮೇಲೆ ಮೊದಲು ಕೂತವು ಅನ್ನುವ ಪ್ರಶ್ನೆ ಆ ಅಧ್ಯಾಯಗಳಲ್ಲಿ ಸಾಮಾನ್ಯವಾಗಿ ಬರೋದೇ ಇಲ್ಲ. ಹೀಗಾಗಿ 'ಸಂಖ್ಯೆ ಹೇಳ್ತದೆ' ಅಂದರೆ ಸಾಕು, ಹಿಂದೆ 'ಶಾಸ್ತ್ರ ಹೇಳ್ತದೆ' ಅಂದಾಗ ತಲೆ ಬಾಗಿಸಿದಂತೆ ಈಗಲೂ ಬಾಗಿಸುತ್ತೇವೆ.

ನಮ್ಮಲ್ಲೇ ಇನ್ನೊಂದು ಗುಂಪಿನ ಗೆಳೆಯರಿದ್ದಾರೆ. ಸಂಖ್ಯೆಯೆಂಬುದೇ ಮೇಲ್ಜಾತಿಯವರ ಆಯುಧ, ಅದನ್ನು ಮುಟ್ಟಲೇ ಬೇಡಿ, ಅನುಭವವೊಂದೇ ಸತ್ಯ ಅನ್ನುತ್ತಾರೆ. ಅವರ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಕೊಳಗ ಮೋಸದ್ದು ಅಂತ ಗೊತ್ತಾಗಬೇಕಾದರೂ ಇನ್ನೊಂದು ಕೊಳಗದಲ್ಲಿ ಅಳೆದು ನೋಡಬೇಕಾಗುತ್ತದೆ. ಅಳತೆ ಬಲ್ಲವನಿಗೆ ಮಾತ್ರ ಅಳತೆಯ ಕಳ್ಳತನ ಕಾಣುತ್ತದೆ. ಈ ಬರಹದಲ್ಲಿ ನಾವು ಮಾಡಹೊರಟಿರುವುದು ಇಷ್ಟೇ: ಬುದ್ಧಿಮಾಪನದ ದೊಡ್ಡ ದೊಡ್ಡ ಘೋಷಣೆಗಳನ್ನು ಅವರದೇ ಶಾಸ್ತ್ರದ ನಿಯಮಗಳ ಮುಂದೆ ನಿಲ್ಲಿಸಿ ವಿಚಾರಿಸುವುದು.

1

ಮೊದಲು ಫ್ರಾನ್ಸಿಸ್ ಗಾಲ್ಟನ್. ಇಂಗ್ಲೆಂಡಿನ ಶ್ರೀಮಂತ, ಚಾರ್ಲ್ಸ್ ಡಾರ್ವಿನ್ನನ ನೆಂಟ. 1869ರಲ್ಲಿ ಪ್ರತಿಭೆ ವಂಶದಿಂದ ಬರುತ್ತದೆ ಅಂತ ಸಾಧಿಸಲು ಒಂದು ಪುಸ್ತಕ ಬರೆದ. ಅವನ ವಿಧಾನ ಬಹಳ ಸರಳ. ಇಂಗ್ಲೆಂಡಿನ ನ್ಯಾಯಾಧೀಶರು, ರಾಜಕಾರಣಿಗಳು, ಸೇನಾಪತಿಗಳು, ವಿಜ್ಞಾನಿಗಳ ಪಟ್ಟಿ ಮಾಡಿದ. ಅವರ ಅಪ್ಪ, ಮಗ, ಅಣ್ಣತಮ್ಮಂದಿರಲ್ಲಿ ಎಷ್ಟು ಜನ ಹೆಸರಾದವರು ಅಂತ ಎಣಿಸಿದ. ಸಾಮಾನ್ಯ ಜನರಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು ಸಿಕ್ಕಿದರು. ಸರಿ, ಪ್ರತಿಭೆ ರಕ್ತದಲ್ಲಿದೆ ಅಂತ ತೀರ್ಮಾನ ಕೊಟ್ಟ. ಒಳ್ಳೆಯ ತಳಿಯ ಮನುಷ್ಯರನ್ನು ಹೆಚ್ಚಿಸಬೇಕು ಅನ್ನುವ ವಾದಕ್ಕೆ 1883ರಲ್ಲಿ ಯೂಜೆನಿಕ್ಸ್ ಅನ್ನುವ ಹೆಸರು ಕೊಟ್ಟವನೂ ಇವನೇ. ಎರಡು ಸಂಗತಿಗಳು ಒಟ್ಟೊಟ್ಟಿಗೆ ಏರಿಳಿಯುವುದನ್ನು ಒಂದು ಅಂಕಿಯಲ್ಲಿ ಹೇಳುವ ಸಹಸಂಬಂಧದ ಕಲ್ಪನೆಯನ್ನು 1888ರಲ್ಲಿ ಮುಂದಿಟ್ಟವನೂ ಇವನೇ. ಅದಕ್ಕೆ ಇವತ್ತು ಎಲ್ಲರೂ ಬಳಸುವ ಸೂತ್ರ ಕಟ್ಟಿದವನು ಅವನ ಹಿಂಬಾಲಕ ಕಾರ್ಲ್ ಪಿಯರ್ಸನ್. ಅಂದರೆ ಕಾಲೇಜಿನ ಮಕ್ಕಳು ಲೆಕ್ಕ ಹಾಕುವ ಆ ಅಂಕಿಯ ತೊಟ್ಟಿಲು ತೂಗಿದ್ದು ವಂಶದ ಹಮ್ಮು.

ಈ ವಿಧಾನವನ್ನು ನಮ್ಮ ಊರಿಗೆ ತಂದು ನೋಡೋಣ. ಹಳೇ ಮೈಸೂರು ಸೀಮೆಯಲ್ಲಿ ಶಾನುಭೋಗನ ಮಗ ಶಾನುಭೋಗ, ಪಟೇಲನ ಮಗ ಪಟೇಲ, ತೋಟಿಯ ಮಗ ತೋಟಿ. ತಲೆಮಾರುಗಟ್ಟಲೆ ಹೀಗೇ ನಡೀತು. ಅಪ್ಪನ ಕೆಲಸಕ್ಕೂ ಮಗನ ಕೆಲಸಕ್ಕೂ ಸಹಸಂಬಂಧ ಲೆಕ್ಕ ಹಾಕಿದ್ದರೆ ಒಂದಕ್ಕೆ ಹತ್ತಿರ ಹತ್ತಿರ ಬರುತ್ತಿತ್ತು. ಗಾಲ್ಟನ್ ಸಾಹೇಬ ಬಂದಿದ್ದರೆ ಶಾನುಭೋಗರ ರಕ್ತದಲ್ಲಿ ಲೆಕ್ಕ ಹರಿಯುತ್ತದೆ, ತೋಟಿಯ ರಕ್ತದಲ್ಲಿ ಸತ್ತ ದನ ಎಳೆಯುವ ಗುಣ ಹರಿಯುತ್ತದೆ ಅಂತ ಬರೆದುಕೊಂಡು ಹೋಗುತ್ತಿದ್ದ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ರಕ್ತ ಬದಲಾಗಲಿಲ್ಲ, ಕಾಯ್ದೆ ಬದಲಾಯ್ತು. ತೋಟಿಯ ಮೊಮ್ಮಕ್ಕಳು ಊರ ಲೆಕ್ಕ ಬರೆಯುವ ಕೆಲಸಕ್ಕೆ ಅರ್ಜಿ ಹಾಕಲು ಸಾಧ್ಯವಾಯ್ತು.

ಸಂಶೋಧನಾ ವಿಧಾನದ ಮೊದಲನೇ ಪಾಠವೇ ಇದು: ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗೋದಿಲ್ಲ. ಮೂರನೆಯದೊಂದು ಹಿಂದೆ ನಿಂತಿರಬಹುದು. ಗಾಲ್ಟನ್ನನ ಪಟ್ಟಿಯ ಹಿಂದೆ ನಿಂತಿದ್ದದ್ದು ಹಣ, ಶಾಲೆ, ಪರಿಚಯ. ನಮ್ಮಲ್ಲಿ ಜಾತಿ. ಜಾತಿಪದ್ಧತಿಯಿಂದ ತಳಿ ಶುದ್ಧಿಯಾಗುತ್ತದೆ ಅನ್ನುವ ಇಂಥದೇ ವಾದವನ್ನು ಬಾಬಾಸಾಹೇಬರು 1936ರ ತಮ್ಮ ಜಾತಿವಿನಾಶದ ಭಾಷಣದಲ್ಲಿ ಎತ್ತಿಕೊಂಡು ಬಿಡಿಸಿಟ್ಟಿದ್ದಾರೆ. ಆ ಭಾಷಣ ಮಾಡಲು ಅವರಿಗೆ ಅವಕಾಶವೇ ಸಿಗಲಿಲ್ಲ, ಪುಸ್ತಕವಾಗಿ ಅಚ್ಚು ಹಾಕಿಸಬೇಕಾಯ್ತು ಅನ್ನೋದನ್ನೂ ಇಲ್ಲಿ ನೆನೆಯಬೇಕು.

2

ಎರಡನೆಯದು ಪರೀಕ್ಷೆಯ ಕಥೆ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ, ತನ್ನ ಜೊತೆಗಾರ ಸಿಮೋನ್ ಜೊತೆ ಸೇರಿ ಮಕ್ಕಳಿಗೆ ಒಂದು ಪರೀಕ್ಷೆ ಮಾಡಿದ. ಅವನ ಉದ್ದೇಶ, ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಅವರಿಗೆ ಹೆಚ್ಚಿನ ಸಹಾಯ ಕೊಡೋದು. ಬುದ್ಧಿ ಹುಟ್ಟಿನಿಂದ ಗೊತ್ತಾದ, ಕದಲಿಸಲಾಗದ ಮೊತ್ತ ಅನ್ನುವ ಮಾತನ್ನು ಅವನು ಒಪ್ಪಿರಲಿಲ್ಲ. ಅದೇ ಪರೀಕ್ಷೆ ಅಮೆರಿಕಕ್ಕೆ ಹಡಗು ಹತ್ತಿದ ಮೇಲೆ ಬೇರೆಯೇ ಆಯ್ತು. ಸ್ಟ್ಯಾನ್‌ಫರ್ಡಿನ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಅಮೆರಿಕದ ಮಕ್ಕಳಿಗೆ ಹೊಂದಿಸಿ, ಮೆಕ್ಸಿಕೋದವರು, ಮೂಲನಿವಾಸಿಗಳು, ಕರಿಯರು ಇವರಲ್ಲಿ ಮಂದಬುದ್ಧಿ ಜನಾಂಗದ್ದೇ ಗುಣವಾಗಿ ಕಾಣುತ್ತದೆ, ಅವರ ಮಕ್ಕಳನ್ನು ಬೇರೆ ತರಗತಿಗಳಲ್ಲಿ ಕೂರಿಸಬೇಕು ಅಂತ ಬರೆದ. ಸಹಾಯಕ್ಕೆ ಹುಟ್ಟಿದ ಕೊಳಗ ಬಹಿಷ್ಕಾರಕ್ಕೆ ಬಂತು.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ರಾಬರ್ಟ್ ಯರ್ಕ್ಸ್ ಅನ್ನುವ ಮನಶ್ಶಾಸ್ತ್ರಜ್ಞನ ನೇತೃತ್ವದಲ್ಲಿ ಸುಮಾರು 17.5 ಲಕ್ಷ ಸೈನಿಕರಿಗೆ ಬುದ್ಧಿಪರೀಕ್ಷೆ ನಡೆಯಿತು. ಓದು ಬಲ್ಲವರಿಗೆ ಆಲ್ಫಾ, ಬಾರದವರಿಗೆ ಚಿತ್ರಗಳ ಬೀಟಾ. ಹುಟ್ಟಿನಿಂದ ಬಂದ ಬುದ್ಧಿಯನ್ನೇ ಅಳೆಯುತ್ತೇವೆ ಅಂದರು. ಪ್ರಶ್ನೆಗಳನ್ನು ನೋಡಿ. ಕ್ರಿಸ್ಕೋ ಅಂದರೆ ಔಷಧಿಯೋ, ಕ್ರಿಮಿನಾಶಕವೋ, ಹಲ್ಲು ಉಜ್ಜುವ ಪೇಸ್ಟೋ, ತಿನ್ನುವ ಪದಾರ್ಥವೋ? ಅದು ಅಮೆರಿಕದ ಅಡುಗೆಮನೆಯ ಒಂದು ಜಿಡ್ಡಿನ ಡಬ್ಬಿಯ ಹೆಸರು. ಬೇಸ್‌ಬಾಲ್ ಆಟಗಾರನೊಬ್ಬನ ಹೆಸರು ಕೊಟ್ಟು ಇವನು ಯಾತಕ್ಕೆ ಪ್ರಸಿದ್ಧ ಅಂತ ಇನ್ನೊಂದು. ಓದು ಬಾರದವರ ಚಿತ್ರಗಳಲ್ಲಿ ಬಲೆಯಿಲ್ಲದ ಟೆನಿಸ್ ಅಂಗಳ, ಕೊಳವೆಯಿಲ್ಲದ ಗ್ರಾಮಫೋನು. ಏನು ಕಾಣೆಯಾಗಿದೆ, ಬರೆದು ತೋರಿಸು. ನಿನ್ನೆ ಮೊನ್ನೆ ಇಟಲಿಯ, ಪೋಲೆಂಡಿನ ಹಳ್ಳಿಯಿಂದ ಬಂದಿಳಿದವನು, ದಕ್ಷಿಣದ ಹತ್ತಿ ಹೊಲದಲ್ಲಿ ಬೆನ್ನು ಮುರಿದುಕೊಂಡ ಕರಿಯ, ಟೆನಿಸ್ ಬಲೆಯನ್ನು ಎಲ್ಲಿಂದ ತರಬೇಕು ಸ್ವಾಮಿ?

ಅಳೆಯುತ್ತೇವೆ ಅಂದದ್ದನ್ನೇ ಪರೀಕ್ಷೆ ಅಳೆಯುತ್ತಿದೆಯೇ ಅನ್ನುವ ಪ್ರಶ್ನೆಗೆ ಶಾಸ್ತ್ರದಲ್ಲಿ ಸಿಂಧುತ್ವ ಅನ್ನುತ್ತಾರೆ. ಪ್ರತಿಸಲವೂ ಅದೇ ಉತ್ತರ ಬರುತ್ತದೆಯೇ ಅನ್ನೋದು ವಿಶ್ವಸನೀಯತೆ. ಈ ಎರಡನ್ನು ಕಲಸಿಬಿಡುವುದೇ ಯಜಮಾನರ ಚಾಳಿ. ಗೌಡರ ದೊಡ್ಡ ಕೊಳಗವೂ ಬಹಳ ವಿಶ್ವಸನೀಯ. ಪ್ರತಿ ಸುಗ್ಗಿಯಲ್ಲೂ ಅಷ್ಟೇ ಕದಿಯುತ್ತಿತ್ತು.

ನಮ್ಮ ಕೇರಿಯಿಂದ ಒಂದು ಪ್ರಶ್ನೆಪತ್ರಿಕೆ ಹೊರಡಿಸಿದರೆ ಹೇಗಿರುತ್ತದೆ? ತಮಟೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಯಾಕೆ ಹಿಡೀತಾರೆ? ರಾಶಿ ತೂರುವಾಗ ಗಾಳಿಗೆ ಯಾವ ದಿಕ್ಕಿಗೆ ನಿಲ್ಲಬೇಕು? ಪಾಳುಬಾವಿಗೆ ಇಳಿಯುವ ಮುಂಚೆ ಉರಿಯುವ ದೀಪ ಇಳಿಬಿಟ್ಟು ನೋಡೋದು ಯಾಕೆ? ಅಗ್ರಹಾರದ ಹುಡುಗ ಮೂರಕ್ಕೂ ಸೊನ್ನೆ ತಗೊಂಡರೆ ಅವನನ್ನು ಮಂದಬುದ್ಧಿ ಅನ್ನೋಣವೇ? ಅನ್ನಬಾರದು. ಅವನಿಗೆ ಆ ಬದುಕು ಗೊತ್ತಿಲ್ಲ, ಅಷ್ಟೇ. ಈ ನ್ಯಾಯ ಎರಡೂ ಕಡೆಗೆ ಸಲ್ಲಬೇಕು. ಅಮೆರಿಕದ ಕರಿಯ ಮನಶ್ಶಾಸ್ತ್ರಜ್ಞ ರಾಬರ್ಟ್ ವಿಲಿಯಮ್ಸ್ 1972ರಲ್ಲಿ ಇದನ್ನೇ ಮಾಡಿ ತೋರಿಸಿದ. ಕರಿಯರ ಆಡುನುಡಿಯಿಂದ ನೂರು ಮಾತು ಆರಿಸಿ ಪರೀಕ್ಷೆ ಮಾಡಿದ. ಬಿಳಿಯ ಮಕ್ಕಳು ಹಿಂದೆ ಬಿದ್ದರು. ಚಿಕ್ಕವನಾಗಿದ್ದಾಗ ಶಾಲೆಯ ಬುದ್ಧಿಪರೀಕ್ಷೆಯಲ್ಲಿ 82 ಬಂದು, ಓದು ನಿನಗಲ್ಲ, ಇಟ್ಟಿಗೆ ಕಟ್ಟುವ ಕೆಲಸ ಕಲಿ ಅನ್ನಿಸಿಕೊಂಡಿದ್ದವನು ಈ ವಿಲಿಯಮ್ಸ್. ಮುಂದೆ ಡಾಕ್ಟರೇಟ್ ಪಡೆದ.

ಸೈನ್ಯದ ಅಂಕಿಗಳನ್ನು ಹಿಡಿದು ಕಾರ್ಲ್ ಬ್ರಿಗಮ್ ಅನ್ನುವವನು 1923ರಲ್ಲಿ ಪುಸ್ತಕ ಬರೆದ: ಉತ್ತರ ಯೂರೋಪಿನವರು ಮೇಲು, ದಕ್ಷಿಣ ಮತ್ತು ಪೂರ್ವ ಯೂರೋಪಿನವರು ಕೀಳು, ಕರಿಯರು ಎಲ್ಲರಿಗಿಂತ ಕೆಳಗೆ. ಅವನ ಅಂಕಿಯಲ್ಲೇ ಒಂದು ಸತ್ಯ ಕೂಗುತ್ತಿತ್ತು. ವಲಸೆ ಬಂದವರು ಅಮೆರಿಕದಲ್ಲಿ ಹೆಚ್ಚು ವರ್ಷ ಇದ್ದಷ್ಟೂ ಅವರ ಅಂಕ ಏರುತ್ತ ಹೋಗಿತ್ತು. ಊರಿನ ಮಾತು, ರೀತಿ ಪರಿಚಯವಾದಂತೆ ಅಂಕ ಏರಿದೆ ಅಂತ ಯಾರಿಗೂ ಹೊಳೆಯಬೇಕು. ಬ್ರಿಗಮ್‌ಗೆ ಹೊಳೆದದ್ದು, ಮೊದಲು ಬಂದವರು ಒಳ್ಳೇ ತಳಿ, ಆಮೇಲೆ ಬಂದವರು ಕೀಳು ತಳಿ ಅಂತ! ಮುಂದಿನ ವರ್ಷವೇ, 1924ರಲ್ಲಿ, ಆ ದೇಶ ವಲಸೆಯ ಬಾಗಿಲನ್ನು ಬಹಳ ಮಟ್ಟಿಗೆ ಮುಚ್ಚುವ ಕಾಯ್ದೆ ಮಾಡಿತು.

ಅದೇ 1924ರಲ್ಲಿ ಇನ್ನೂ ಇಪ್ಪತ್ತು ತುಂಬದ ಕರಿಯ ಹುಡುಗ ಹೊರೇಸ್ ಮ್ಯಾನ್ ಬಾಂಡ್, ಡು ಬೊಯಿಸ್ ಸಂಪಾದಿಸುತ್ತಿದ್ದ 'ಕ್ರೈಸಿಸ್' ಪತ್ರಿಕೆಯಲ್ಲಿ ಈ ಪರೀಕ್ಷೆಗಳ ಮೇಲೆ ಬರೆದ. ಬರೀ ಬೈದು ಬಿಡಲಿಲ್ಲ. ಆ ಕಾಲದ ಅವನ ಬರಹಗಳು ಸೈನ್ಯದ ಅಂಕಿಗಳನ್ನೇ ಕೈಗೆತ್ತಿಕೊಂಡು, ರಾಜ್ಯವಾರು ಬಿಡಿಸಿ, ಆಯಾ ರಾಜ್ಯದ ಶಾಲೆಗಳ ಸ್ಥಿತಿಯ ಪಕ್ಕದಲ್ಲಿಟ್ಟು ತೋರಿಸಿದವು. ಶಾಲೆ ಚೆನ್ನಾಗಿದ್ದ ಕಡೆ ಅಂಕ ಮೇಲೆ, ಹಾಳಾಗಿದ್ದ ಕಡೆ ಕೆಳಗೆ. ಇಲಿನಾಯ್, ನ್ಯೂಯಾರ್ಕ್‌ನಂಥ ಉತ್ತರದ ರಾಜ್ಯಗಳ ಕರಿಯ ಸೈನಿಕರ ಅಂಕ ಮಿಸಿಸಿಪಿ, ಅರ್ಕಾನ್ಸಾದಂಥ ದಕ್ಷಿಣದ ರಾಜ್ಯಗಳ ಬಿಳಿಯರ ಅಂಕಕ್ಕಿಂತ ಹೆಚ್ಚಿತ್ತು. ರಕ್ತದ ವಾದಕ್ಕೆ ಇದರ ಮುಂದೆ ಬಾಯಿಲ್ಲ. 1935ರಲ್ಲಿ ಆಟೋ ಕ್ಲೈನ್‌ಬರ್ಗ್, ದಕ್ಷಿಣದಿಂದ ನ್ಯೂಯಾರ್ಕಿಗೆ ಬಂದ ಕರಿಯ ಮಕ್ಕಳ ಅಂಕ ಅಲ್ಲಿದ್ದ ವರ್ಷಗಳ ಜೊತೆ ಏರುವುದನ್ನು ತೋರಿಸಿದ. ಬ್ರಿಗಮ್ ಕೂಡ 1930ರಲ್ಲಿ, ಇಂಥ ಪರೀಕ್ಷೆಗಳಿಂದ ಜನಾಂಗಗಳನ್ನು ಹೋಲಿಸಲಾಗದು, ತನ್ನ ಅಧ್ಯಯನಕ್ಕೆ ಬುಡವಿಲ್ಲ ಅಂತ ಒಪ್ಪಿಕೊಂಡ. ಆದರೆ ಮುಚ್ಚಿದ ಬಾಗಿಲು ಮುಚ್ಚೇ ಇತ್ತು. ಪಂಡಿತರು ಮಾತು ಹಿಂದಕ್ಕೆ ತಗೊಂಡರೂ ಕಾಯ್ದೆ ಹಿಂದಕ್ಕೆ ಬರೋದಿಲ್ಲ.

ಒಂದು ಸಣ್ಣ ಪತ್ರಿಕೆ, ಒಬ್ಬ ಕರಿಯ ಹುಡುಗ, ಕೈಯಲ್ಲಿ ಶತ್ರುವಿನ ಅಂಕಿಪಟ್ಟಿ. ನಮ್ಮಂಥ ಪತ್ರಿಕೆಗಳು ನೆನಪಿಟ್ಟುಕೊಳ್ಳಬೇಕಾದ ಚಿತ್ರ ಇದು.

3

ಈ ವಿದ್ಯೆ ಕನ್ನಡ ನಾಡಿಗೆ ಹೇಗೆ ಬಂತು? 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ, ಮುಂದೆ 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಶುರುಮಾಡಿದವರು, ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಎಲ್ಲ ಬುದ್ಧಿಯ ಹಿಂದೆ ಒಂದೇ ಸಾಮಾನ್ಯ ಶಕ್ತಿಯಿದೆ ಅಂತ 1904ರಲ್ಲಿ ಸಹಸಂಬಂಧದ ಲೆಕ್ಕದಿಂದ ವಾದಿಸಿದವನು ಈ ಸ್ಪಿಯರ್‌ಮನ್. ಧಾರವಾಡದ ಕಡೆ ವಿ.ವಿ. ಕಾಮತರು 1930ರ ದಶಕದಲ್ಲಿ ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. 1940ರಲ್ಲಿ ಪುಸ್ತಕ ಬಂತು. ಬಿನೆ–ಕಾಮತ್ ಪರೀಕ್ಷೆ ಅನ್ನುವ ಹೆಸರಿನಲ್ಲಿ ಅದು ದಶಕಗಳ ಕಾಲ ದೇಶದ ಆಸ್ಪತ್ರೆ, ಶಾಲೆಗಳಲ್ಲಿ ಬಳಕೆಯಾಯ್ತು.

ಕನ್ನಡದ ಮಗುವನ್ನು ಇಂಗ್ಲಿಷಿನಲ್ಲಿ ಅಳೆಯುವ ಅನ್ಯಾಯಕ್ಕೆ ಅದು ಉತ್ತರವಾಗಿತ್ತು. ಅವರ ದುಡಿಮೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಕೇಳಬೇಕಾದ್ದು ಕೇಳಲೇಬೇಕು. ಮಾತನ್ನು ಕನ್ನಡಕ್ಕೆ ತಂದರೆ ಬದುಕೂ ಕನ್ನಡಕ್ಕೆ ಬಂತೇ? ಯಾವ ಕನ್ನಡ, ಯಾವ ಬೀದಿಯ ಕನ್ನಡ? ಇಂಥ ವಯಸ್ಸಿನ ಮಗು ಇಷ್ಟು ಉತ್ತರ ಕೊಡಬೇಕು ಅನ್ನುವ ಮಾನದಂಡ ಕಟ್ಟುವಾಗ ಎದುರಿಗೆ ಕೂತಿದ್ದ ಮಕ್ಕಳು ಯಾರು? 1931ರ ಜನಗಣತಿಯಲ್ಲಿ ಈ ದೇಶದ ಅಕ್ಷರಸ್ಥರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಅಂಥ ದಿನಗಳಲ್ಲಿ ಶಾಲೆಯ ಒಳಗೆ ಎಷ್ಟು ಹೊಲೆಯರ, ಮಾದಿಗರ ಮಕ್ಕಳಿದ್ದರು, ಹೊರಗೆ ಎಷ್ಟು ಜನ ದನ ಕಾಯುತ್ತಿದ್ದರು? ಶಾಲೆಯ ಒಳಗಿದ್ದವರನ್ನು ಅಳೆದು ಕಟ್ಟಿದ ಗೆರೆಯಿಂದ, ಬಾಗಿಲಾಚೆ ನಿಲ್ಲಿಸಿದವರ ಮಕ್ಕಳನ್ನು ಅಳೆದರೆ ಏನು ಬರುತ್ತದೆ?

ಇದೇ ಮಾದರಿಯ ಪ್ರಶ್ನೆ. ಒಂದು ಅಗುಳು ಹಿಚುಕಿ ಅನ್ನ ಬೆಂದಿದೆಯಾ ಅಂತ ನೋಡೋದು ನಮ್ಮ ತಾಯಂದಿರಿಗೂ ಗೊತ್ತು. ಆದರೆ ಅವರು ಮೊದಲು ಸೌಟು ಹಾಕಿ ತಳದವರೆಗೆ ತಿರುವುತ್ತಾರೆ. ಮೇಲಿನ ಅಗುಳು ಮಾತ್ರ ಹಿಚುಕಿದರೆ ತಳ ಸೀದದ್ದು ತಿಳಿಯೋದಿಲ್ಲ. ಇದು ನಮ್ಮ ನಾಡಿನ ರೋಗ ಮಾತ್ರ ಅಲ್ಲ. ಪ್ರಮುಖ ಮನಶ್ಶಾಸ್ತ್ರ ಪತ್ರಿಕೆಗಳ ಅಧ್ಯಯನಗಳಲ್ಲಿ ಪಾಲ್ಗೊಂಡವರಲ್ಲಿ ಶೇ. 96ರಷ್ಟು ಜನ ಪಶ್ಚಿಮದ ಕೈಗಾರಿಕಾ ದೇಶಗಳವರು, ಆ ದೇಶಗಳ ಜನಸಂಖ್ಯೆ ಜಗತ್ತಿನ ಶೇ. 12 ಮಾತ್ರ ಅಂತ 2008ರಲ್ಲಿ ಜೆಫ್ರಿ ಆರ್ನೆಟ್ ಲೆಕ್ಕ ತೋರಿಸಿದ. ನೂರಕ್ಕೆ ಹನ್ನೆರಡು ಜನರ ಮನಸ್ಸು ನೋಡಿ 'ಮನುಷ್ಯನ ಮನಸ್ಸು' ಅಂತ ಪುಸ್ತಕ ಬರೆದರು.

4

ಮೂರನೇ ಕಥೆ ಸಿರಿಲ್ ಬರ್ಟನದು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಿಟ್ಟ ಪೀಠಕ್ಕೆ ಬಂದವನು. 1946ರಲ್ಲಿ ಸರ್ ಪದವಿ ಪಡೆದವನು. ಹುಟ್ಟಿದಾಗಲೇ ಬೇರೆ ಬೇರೆ ಮನೆಗಳಲ್ಲಿ ಬೆಳೆದ ತದ್ರೂಪಿ ಅವಳಿಗಳನ್ನು ಅಳೆದು, ಬುದ್ಧಿ ಬಹುಪಾಲು ಅನುವಂಶೀಯ ಅಂತ ಸಾಧಿಸಿದೆ ಅಂದ. 1955ರಲ್ಲಿ ಅವನ ಹತ್ತಿರ 21 ಜೋಡಿಗಳಿದ್ದವು, ಸಹಸಂಬಂಧ 0.771. 1966ರಲ್ಲಿ ಜೋಡಿಗಳು 53 ಆದವು. ಸಹಸಂಬಂಧ ಮತ್ತೆ 0.771. ನಡುವಿನ ವರದಿಯಲ್ಲೂ ಅದೇ. ಹೊಸ ಜನ ಸೇರಿದ ಮೇಲೆ ಸರಾಸರಿಯಾಗಲಿ ಸಹಸಂಬಂಧವಾಗಲಿ ಕೂದಲೆಳೆಯಷ್ಟಾದರೂ ಕದಲಲೇಬೇಕು. ಮೂರನೇ ದಶಾಂಶದವರೆಗೆ ಕದಲದೇ ನಿಂತದ್ದು ಪವಾಡ, ಇಲ್ಲ ಕೈಚಳಕ. ಅವನು 1971ರಲ್ಲಿ ಸತ್ತ. 1974ರಲ್ಲಿ ಲಿಯಾನ್ ಕಾಮಿನ್ ಈ ಕದಲದ ಅಂಕಿಗಳನ್ನು ಎತ್ತಿ ತೋರಿಸಿದ. ಬರ್ಟನ ಜೀವನಚರಿತ್ರೆ ಬರೆದ ಹರ್ನ್‌ಶಾ ಕೂಡ 1979ರಲ್ಲಿ ವಂಚನೆ ನಡೆದಿದೆ ಅಂತಲೇ ತೀರ್ಮಾನಿಸಿದ. ಅಪ್ಪಂದಿರ ಮತ್ತು ಮಕ್ಕಳ 40,000 ಜೋಡಿಗಳ ಬುದ್ಧಿಯನ್ನು ಕಸುಬಿನ ಜೊತೆ ಹೋಲಿಸಿದ ಅವನ 1961ರ ಬರಹದ ಅಂಕಿಗಳು, ನಿಜವಾದ ಜನರನ್ನು ಅಳೆದು ಬರಲಾರದಷ್ಟು ಅಚ್ಚುಕಟ್ಟಾಗಿವೆ ಅಂತ 1978ರಲ್ಲಿ ಡಾರ್ಫ್‌ಮನ್ ಲೆಕ್ಕ ಹಾಕಿ ತೋರಿಸಿದ. ಬರ್ಟನನ್ನು ಸಮರ್ಥಿಸಿ 1989, 1991ರಲ್ಲಿ ಪುಸ್ತಕಗಳು ಬಂದಿವೆ. ಅದು ಮೋಸವೋ ಅಜಾಗರೂಕತೆಯೋ ಅನ್ನುವ ವಾದ ಇದ್ದೇ ಇದೆ. ಆದರೆ ಆ ಅಂಕಿಗಳನ್ನು ನೆಚ್ಚಬೇಡಿ ಅನ್ನೋದರಲ್ಲಿ ಹೆಚ್ಚು ವಾದವಿಲ್ಲ.

ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಎರಡು ದಶಕ ಯಾರ ಕಣ್ಣಿಗೂ ಬೀಳದೆ ಹೇಗಿತ್ತು? ಓದಿದವರಿಗೆ ಆ ಉತ್ತರ ಬೇಕಾಗಿತ್ತು, ಅದಕ್ಕೇ ಯಾರೂ ಲೆಕ್ಕ ಕೇಳಲಿಲ್ಲ ಅಂತ ನಮಗೆ ಅನ್ನಿಸುತ್ತದೆ. ಕಪ್ಪು ಬಿಳಿ ಮಕ್ಕಳ ಅಂಕದ ಅಂತರಕ್ಕೆ ವಂಶ ಕಾರಣವಿರಬಹುದು ಅಂತ 1969ರಲ್ಲಿ ಅಮೆರಿಕದ ಆರ್ಥರ್ ಜೆನ್ಸನ್ ಬರೆದಾಗ ಒರಗಿಕೊಂಡಿದ್ದ ಗೋಡೆಗಳಲ್ಲಿ ಈ ಬರ್ಟನದೂ ಒಂದು.

ಆ ವಾದದ ಬುಡವನ್ನು ಜೀವವಿಜ್ಞಾನಿ ರಿಚರ್ಡ್ ಲೆವಾಂಟಿನ್ 1970ರಲ್ಲಿ ಬಿತ್ತನೆಯ ಉದಾಹರಣೆಯಿಂದ ಬಿಡಿಸಿದ. ನಮ್ಮ ರಾಗಿಯಲ್ಲಿ ಹೇಳುವುದಾದರೆ: ಒಂದೇ ಚೀಲದ ರಾಗಿಯನ್ನು ಎರಡು ಹೊಲಕ್ಕೆ ಬಿತ್ತಿ. ಒಂದಕ್ಕೆ ಗೊಬ್ಬರ, ನೀರು, ಇನ್ನೊಂದು ಕಲ್ಲುಭೂಮಿ. ಒಂದೇ ಹೊಲದೊಳಗೆ ಪೈರಿಗೂ ಪೈರಿಗೂ ಇರುವ ಎತ್ತರದ ವ್ಯತ್ಯಾಸ ಬೀಜದ ಗುಣದಿಂದ ಬಂದಿರಬಹುದು. ಆದರೆ ಎರಡು ಹೊಲಗಳ ಸರಾಸರಿಯ ವ್ಯತ್ಯಾಸ ಪೂರ್ತಿ ಮಣ್ಣಿನದು. ಗುಂಪಿನೊಳಗಿನ ಕಾರಣವನ್ನು ಗುಂಪುಗಳ ನಡುವಿನ ಕಾರಣ ಅಂತ ಮಾರುವುದು ಈ ಶಾಸ್ತ್ರದ ದೊಡ್ಡ ಮೋಸ. ನಮ್ಮವರನ್ನು ಕಲ್ಲುಭೂಮಿಗೆ ಬಿತ್ತಿದವರೇ ಬೀಜ ಸರಿಯಿಲ್ಲ ಅನ್ನುತ್ತಾರೆ.

ಮಣ್ಣು ಬದಲಾದರೆ ಏನಾಗುತ್ತದೆ ಅನ್ನೋದಕ್ಕೂ ಲೆಕ್ಕ ಇದೆ. 1932ರಿಂದ 1978ರವರೆಗೆ ಅಮೆರಿಕನ್ನರ ಐ.ಕ್ಯೂ. ಸರಾಸರಿ ಸುಮಾರು 14 ಅಂಕ ಏರಿದೆ ಅಂತ 1984ರಲ್ಲಿ ಜೇಮ್ಸ್ ಫ್ಲಿನ್ ತೋರಿಸಿದ. ಐವತ್ತು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ರಕ್ತ ಬದಲಾಗೋದಿಲ್ಲ. ಶಾಲೆ, ಊಟ, ಕೆಲಸ, ಬದುಕು ಬದಲಾಗುತ್ತವೆ. ಕರಿಯರ ಕೀಳುತನಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದ ಅಂತರ 15 ಅಂಕ. ಹೆಚ್ಚುಕಡಿಮೆ ಅಷ್ಟನ್ನು ಬಿಳಿಯರೇ ಎರಡು ತಲೆಮಾರಿನಲ್ಲಿ ಏರಿದ್ದರು.

ಸರಾಸರಿಯ ಬಗ್ಗೆ ಇನ್ನೊಂದು ಮಾತು. ಐ.ಕ್ಯೂ.ವನ್ನು ಸರಾಸರಿ 100, ಮಾನಕ ವಿಚಲನೆ 15 ಬರುವಂತೆ ಹೊಂದಿಸಿರುತ್ತಾರೆ. ಅಂದರೆ ನೂರರಲ್ಲಿ ಸುಮಾರು 68 ಜನ 85ರಿಂದ 115ರ ಒಳಗೆ. ಒಂದು ಗುಂಪಿನ ಸರಾಸರಿ 85, ಇನ್ನೊಂದರದು 100 ಅಂತಲೇ ವಾದಕ್ಕೆ ಇಟ್ಟುಕೊಳ್ಳಿ. ಆಗಲೂ ಮೊದಲ ಗುಂಪಿನ ನೂರರಲ್ಲಿ 16 ಜನ ಎರಡನೇ ಗುಂಪಿನ ಅರ್ಧಕ್ಕರ್ಧ ಜನರಿಗಿಂತ ಮೇಲಿರುತ್ತಾರೆ. ಗುಂಪಿನ ಹೆಸರು ಕೇಳಿ ಎದುರಿಗೆ ನಿಂತ ಈ ಒಂದು ಮಗುವಿನ ಬಗ್ಗೆ ಏನೂ ಹೇಳಲಾಗದು. ಜಾತಿಯಾದರೋ ಮಗುವನ್ನು ನೋಡೋ ಮುಂಚೆ ಗುಂಪನ್ನೇ ನೋಡುತ್ತದೆ. ಸಂಖ್ಯಾಶಾಸ್ತ್ರವನ್ನು ಸರಿಯಾಗಿ ಓದಿದವನು ಜಾತಿವಾದಿ ಆಗೋದು ಕಷ್ಟ.

5

ಅಳೆಯುವ ಕ್ರಿಯೆಯೇ ಅಳತೆಯನ್ನು ಬದಲಿಸಬಲ್ಲದು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಅರ್ಥಶಾಸ್ತ್ರಜ್ಞರು ನಡೆಸಿದ ಪ್ರಯೋಗದ ವರದಿ 2004ರಲ್ಲಿ ಬಂತು. ಮೇಲ್ಜಾತಿಯ 321 ಹುಡುಗರು, ಕೆಳಜಾತಿಯ 321 ಹುಡುಗರು, ಆರು ಏಳನೇ ತರಗತಿಯವರು. ಕಾಗದದ ಮೇಲೆ ದಾರಿ ಹುಡುಕುವ ಚಕ್ರವ್ಯೂಹ ಬಿಡಿಸಬೇಕು, ಬಿಡಿಸಿದ್ದಕ್ಕೆ ದುಡ್ಡು. ಜಾತಿ ಎತ್ತದೆ ಕೂರಿಸಿದಾಗ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಓದಿ ಹೇಳಿದರು. ಆಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ದುಡ್ಡು ಯಾರಿಗೆ ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸುವ ಪದ್ಧತಿ ತಂದಾಗ, ಅಂದರೆ ಮನುಷ್ಯರ ಕೈಯಿಂದ ತಪ್ಪಿಸಿದಾಗ, ಆ ಅಂತರ ಮತ್ತೆ ಕಾಣೆಯಾಯ್ತು. ಎದುರಿಗಿರುವವನು ನ್ಯಾಯವಾಗಿ ನೋಡ್ತಾನೆ ಅನ್ನುವ ನಂಬಿಕೆ ಹೋದರೆ ಕೈ ನಿಲ್ಲುತ್ತದೆ ಅನ್ನೋದು ಅವರ ವಿವರಣೆ.

ಇದನ್ನು ಓದುವಾಗ ನಮ್ಮ ಶಾಲೆಗಳನ್ನು ನೆನೆಸಿಕೊಳ್ಳಿ. ಸ್ಕಾಲರ್‌ಶಿಪ್ ಪಟ್ಟಿ ಹಿಡಿದು ಬಂದು, ಎಸ್ಸಿ ಮಕ್ಕಳೆಲ್ಲ ಎದ್ದು ನಿಲ್ಲಿ ಅನ್ನುವ ಆ ಒಂದು ನಿಮಿಷ. ಆ ನಿಮಿಷದ ನಂತರ ನಡೆಯುವ ಗಣಿತದ ಪೀರಿಯಡ್ಡಿನಲ್ಲಿ ಮಗು ಪಡೆಯುವ ಅಂಕ ಬುದ್ಧಿಯದೋ, ಎದ್ದು ನಿಂತದ್ದರದೋ? ಪ್ರಯೋಗ ಅನ್ನುವ ವಿಧಾನದ ಬಲ ಇರೋದು ಇಲ್ಲೇ. ಒಂದೇ ಥರದ ಮಕ್ಕಳನ್ನು ಆಕಸ್ಮಿಕವಾಗಿ ಗುಂಪು ಮಾಡಿ, ಒಂದು ಸಂಗತಿಯನ್ನು ಮಾತ್ರ ಬದಲಿಸಿ ನೋಡಿದರೆ ಕಾರಣದ ಬಾಲ ಕೈಗೆ ಸಿಗುತ್ತದೆ. ಗಾಲ್ಟನ್ನನ ಪಟ್ಟಿಯಿಂದ ಅದು ಸಿಗುತ್ತಿರಲಿಲ್ಲ.

ಇಲ್ಲಿ ನಿಂತು ಚಪ್ಪಾಳೆ ತಟ್ಟಿಬಿಡೋದು ಸುಲಭ. ನಮ್ಮ ಪರವಾಗಿ ಬಂದ ಸಂಖ್ಯೆಯನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. 2015ರಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದರು. ಮೊದಲ ಸಲ ಶೇ. 97ರಲ್ಲಿ 'ಗಣನೀಯ' ಫಲಿತಾಂಶ ಬಂದಿತ್ತು. ಮರಳಿ ಮಾಡಿದಾಗ ಶೇ. 36ರಲ್ಲಿ ಮಾತ್ರ ಬಂತು. ಗಣನೀಯ ಅನ್ನುವ ಪದದ ಅರ್ಥ, ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಂತರ ಬರೀ ಆಕಸ್ಮಿಕವಾಗಿ ಬರೋದು ಅಪರೂಪ ಅಂತ ಮಾತ್ರ. ಅದು ಸತ್ಯದ ಮುದ್ರೆ ಅಲ್ಲ. ಒಂದು ಪ್ರಯೋಗ ಒಂದು ಸಾಕ್ಷಿ. ಹತ್ತು ಊರಿನಲ್ಲಿ ಹತ್ತು ಜನ ಮಾಡಿ ನೋಡಿದ ಮೇಲೆ ಮಾತ್ರ ಅದು ಗಟ್ಟಿ.

ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಗೊಂಬೆಗಳದು. ಕರಿಯ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ 253 ಕರಿಯ ಮಕ್ಕಳ ಮುಂದೆ ಕಪ್ಪು ಗೊಂಬೆ, ಬಿಳಿ ಗೊಂಬೆ ಇಟ್ಟು, ಯಾವುದರ ಜೊತೆ ಆಡ್ತೀಯ ಅಂತ ಕೇಳಿದರು. ಹೆಚ್ಚಿನವರು ಬಿಳಿಯದನ್ನು ಆರಿಸಿದರು. ಎದೆ ಕಲಕುವ ಸಂಗತಿ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಪ್ಪು ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಾಗ ಕ್ಲಾರ್ಕ್‌ರ ಕೆಲಸವನ್ನೂ ಉಲ್ಲೇಖಿಸಿತು. ಆದರೆ ಅಂಕಿಯನ್ನು ಬಿಡಿಸಿ ನೋಡಿದರೆ, ಬೇರೆ ಶಾಲೆಗಳಿದ್ದ ದಕ್ಷಿಣದಲ್ಲಿ ಶೇ. 62 ಮಕ್ಕಳು ಬಿಳಿ ಗೊಂಬೆ ಆರಿಸಿದರೆ, ಒಟ್ಟಿಗೆ ಓದುತ್ತಿದ್ದ ಉತ್ತರದಲ್ಲಿ ಶೇ. 72. ಬೇರ್ಪಟ್ಟ ಶಾಲೆಯೇ ಈ ಗಾಯಕ್ಕೆ ಕಾರಣ ಅನ್ನಲು ಈ ಅಂಕಿ ಸಾಲದು. ಅದಕ್ಕೆ ಕ್ಲಾರ್ಕ್‌ರ ವಿವರಣೆ ಬೇರೆ ಇತ್ತು. ವಿರೋಧಿಗಳು ಅಂಕಿಯನ್ನೇ ಹಿಡಿದು ಜಗ್ಗಿದರು.

ಹಾಗಾದರೆ ತೀರ್ಪು ತಪ್ಪೇ? ಖಂಡಿತ ಅಲ್ಲ. ಗೊಂಬೆಗಳು ಏನೇ ಹೇಳಲಿ, ಮಕ್ಕಳನ್ನು ಬಣ್ಣ ನೋಡಿ ಬೇರೆ ಕೂರಿಸೋದು ಅನ್ಯಾಯ. ಅಸ್ಪೃಶ್ಯತೆ ನಮ್ಮ ಸಂವಿಧಾನದ 17ನೇ ವಿಧಿಯಿಂದ ರದ್ದಾಗಿದೆ. ಅದರಿಂದ ಮನಸ್ಸಿಗೆ ಎಷ್ಟು ಅಂಕದಷ್ಟು ಹಾನಿಯಾಗುತ್ತದೆ ಅಂತ ಅಳೆದು ಯಾರೂ ಆ ವಿಧಿ ಬರೆಯಲಿಲ್ಲ. ಇದು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಮಾತು. ಸಮಾನತೆ ಸಂಶೋಧನೆಯ ಫಲಿತಾಂಶವಲ್ಲ, ಅದು ಹಕ್ಕು. ಹಕ್ಕನ್ನು ಸಂಖ್ಯೆಯ ಜಾಮೀನಿನ ಮೇಲೆ ಬಿಡಿಸಿಕೊಂಡರೆ, ನಾಳೆ ಸಂಖ್ಯೆ ತಿರುಗಿದ ದಿನ ಹಕ್ಕನ್ನು ಮತ್ತೆ ಜೈಲಿಗೆ ಹಾಕುತ್ತಾರೆ.

6

ಮೀಸಲಾತಿ ಬಂದಾಗೆಲ್ಲ ಎದ್ದು ಬರುವ 'ಪ್ರತಿಭೆ', 'ದಕ್ಷತೆ'ಗಳನ್ನೂ ಇದೇ ಪ್ರಶ್ನೆಗಳ ಮುಂದೆ ನಿಲ್ಲಿಸಬೇಕು. ಪರೀಕ್ಷೆಯ ಅಂಕ ದಕ್ಷತೆಯನ್ನು ಹೇಳುತ್ತದೆ ಅನ್ನುವವರು ದಕ್ಷತೆಯನ್ನು ಬೇರೆಯಾಗಿ ಅಳೆದು ತೋರಿಸಬೇಕು. ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಭಾರತೀಯ ರೈಲ್ವೆಯ 1980ರಿಂದ 2002ರವರೆಗಿನ ಲೆಕ್ಕ ತೆಗೆದು ನೋಡಿದರು. 2014ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ, ಪರಿಶಿಷ್ಟ ಜಾತಿ ಪಂಗಡದ ನೌಕರರ ಪ್ರಮಾಣ ಹೆಚ್ಚಾದದ್ದರಿಂದ ಉತ್ಪಾದಕತೆ ಕುಗ್ಗಿದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಕರ್ನಾಟಕದ್ದೇ ಬಡ್ತಿ ಮೀಸಲಾತಿಯ ಕಾಯ್ದೆಯನ್ನು 2019ರಲ್ಲಿ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ ಎತ್ತಿಹಿಡಿದ ಸುಪ್ರೀಂ ಕೋರ್ಟು, ಪ್ರತಿಭೆಯೆಂದರೆ ಪರೀಕ್ಷೆಯ ಅಂಕವಷ್ಟೇ ಅನ್ನುವ ಇಕ್ಕಟ್ಟಾದ ಅರ್ಥವನ್ನು ಒಪ್ಪಲಿಲ್ಲ. ಆದರೂ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ 'ಕೋಟಾ ಡಾಕ್ಟ್ರು' ಅನ್ನುವ ಮಾತು ನಿಂತಿಲ್ಲ. ಆ ಮಾತಿಗೆ ಲೆಕ್ಕ ಬೇಕಿಲ್ಲ, ಜಾತಿ ಸಾಕು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡಗಳಿಂದ ಗಾಲ್ಟನ್, ಪಿಯರ್ಸನ್ ಹೆಸರನ್ನು 2020ರಲ್ಲಿ ತೆಗೆದುಹಾಕಿತು. ಒಳ್ಳೆಯದು. ಆದರೆ ಅವರ ಸೂತ್ರಗಳನ್ನು ತೆಗೆದುಹಾಕಲಿಲ್ಲ, ತೆಗೆಯಲೂ ಬಾರದು. ಬರ್ಟನ ಬಣ್ಣ ಬಯಲಾದದ್ದು ಪಿಯರ್ಸನ್ನನ ಸೂತ್ರದಿಂದ ಬಂದ ಅಂಕಿಯಿಂದಲೇ. ಹೊರೇಸ್ ಬಾಂಡ್ ಗುದ್ದಿದ್ದು ಯರ್ಕ್ಸ್‌ನ ಅಂಕಿಯಿಂದಲೇ. ಕಬ್ಬಿಣ ಯಾರ ಕುಲುಮೆಯಲ್ಲಿ ಕಾದದ್ದಾದರೂ ಕುಡುಗೋಲು ಮಾಡಿಕೊಳ್ಳುವವರು ನಾವಾಗಬಹುದು.

ಆದ್ದರಿಂದ ನಮ್ಮ ಹಾಸ್ಟೆಲುಗಳಲ್ಲಿ ಓದುತ್ತಿರುವ ತಮ್ಮಂದಿರು, ತಂಗಿಯರು ಸಂಖ್ಯಾಶಾಸ್ತ್ರದ ಪುಸ್ತಕವನ್ನು ಪಾಸಾಗಲು ಮಾತ್ರ ಓದಬಾರದು. ಯಾರಾದರೂ ನಿಮ್ಮ ಮುಂದೆ ಒಂದು ಸಂಖ್ಯೆ ತಂದಿಟ್ಟರೆ ಕೇಳಿ: ಇದನ್ನು ಅಳೆದವರು ಯಾರು, ಅಳೆಸಿದವರು ಯಾರು? ಯಾರನ್ನು ಅಳೆದರು, ಯಾರನ್ನು ಬಾಗಿಲಾಚೆ ಬಿಟ್ಟರು? ಅಳೆದದ್ದು ಬುದ್ಧಿಯನ್ನೋ, ಟೆನಿಸ್ ಬಲೆಯನ್ನೋ? ಸರಾಸರಿ ಸರಿ, ಹರವು ಎಷ್ಟು? ಒಟ್ಟಿಗೆ ಕಂಡದ್ದನ್ನು ಕಾರಣ ಅನ್ನುತ್ತಿದ್ದಾರೋ? ಬೇರೆಯವರು ಮತ್ತೆ ಅಳೆದು ನೋಡಿದರೋ? ಈ ಸಂಖ್ಯೆಯಿಂದ ಲಾಭ ಯಾರಿಗೆ?

ಇದೇ ಪ್ರಶ್ನೆಗಳನ್ನು ನಮ್ಮ ವೇದಿಕೆಯ ಮೇಲಿನ ಸಂಖ್ಯೆಗಳಿಗೂ ಕೇಳಿ. ಕೇಳಿದವರನ್ನು ದ್ರೋಹಿ ಅನ್ನದೆ ಪಕ್ಕದಲ್ಲಿ ಕೂರಿಸಿಕೊಳ್ಳುವಷ್ಟು ಚಳುವಳಿ ಬೆಳೆಯಲಿ. ಕಣದಲ್ಲಿ ಎಣಿಸುವ ಆಳಾಗಿ ನಾವು ಬಹಳ ಕಾಲ ನಿಂತಾಯ್ತು. ಈಗ ಕೊಳಗದ ಒಳಗೆ ಕೈಯಿಟ್ಟು ತಳ ಮುಟ್ಟಿ ನೋಡಬೇಕಾಗಿದೆ.